ಬಯ್ಯಲು ಒಬ್ಬರು ಬೇಕು

ನಾನು ಪುಕ್ಕಲು ಸ್ವಭಾವದವಳು. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಅದು ತಾನಾಗಿ ಸುಮ್ಮನಾಗುವವರೆಗೆ ಆ ಕಡೆ ತಿರುಗುವುದಿಲ್ಲ. ಕುಕ್ಕರ್ ಸೀಟಿ ಹೊಡೆಯಲು ತಡಮಾಡಿದರೆ ಅಡುಗೆಮನೆಯಿಂದ ಆಚೆ ಬಂದು ನಿಲ್ಲುತ್ತೇನೆ. ಇಂಥವಳನ್ನು ಅರಸೀಕೆರೆಯ ತೆಂಗು ಬೆಳೆಗಾರರ ಕಂಪನಿಯೊಂದು ಸಿಇಒ ಮಾಡಿಕೊಂಡಿದೆ. ಸಿಇಒ ಎಂದ ಕೂಡಲೇ ಗಾಜಿನ ಕಟ್ಟಡವನ್ನು ಕಲ್ಪಿಸಿಕೊಳ್ಳಬೇಡಿ. ಕೊಬ್ಬರಿ ಮಂಡಿಯ ಮೇಲಿನ ಎರಡು ಕೋಣೆ, ಅಷ್ಟೇ. ಮದುವೆಮನೆಯಲ್ಲಿ ನನ್ನ ಪಕ್ಕ ಕೂತವರು ಊಟಕ್ಕೆ ಮುಂಚೆಯೇ ಕಾಯಿಹೋಳಿಗೆಯ ವಾಸನೆ ಬರುತ್ತಿದೆ ಎನ್ನುತ್ತಾರೆ. ಅದು ನನ್ನ ಸೀರೆಯದು.

ಪುಕ್ಕಲು ಆಸಾಮಿ ಹೇಗೆ ಆಡಳಿತ ನಡೆಸುತ್ತಾಳೆಂದು ನಿಮಗೆ ಅನುಮಾನ ಬಂದಿರಬಹುದು. ನಮ್ಮಲ್ಲೊಂದು ಪದ್ಧತಿಯಿದೆ. ಆಡಳಿತ ಮಂಡಳಿಗೆ ಯಾವುದಾದರೂ ವಿಷಯ ಬಗೆಹರಿಯದಿದ್ದರೆ ಎಲ್ಲರೂ ಗೆಂಡೆಹಳ್ಳಿಯ ಅಮ್ಮನ ಗುಡಿಗೆ ಹೋಗುತ್ತೇವೆ. ಪೂಜಾರಿ ವಿಗ್ರಹಕ್ಕೆ ಒದ್ದೆ ಹೂಗಳನ್ನು ಅಂಟಿಸುತ್ತಾನೆ, ನಾವು ಪ್ರಶ್ನೆ ಕೇಳಿ ಕೈಮುಗಿದು ನಿಲ್ಲುತ್ತೇವೆ. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ನಡಾವಳಿಯಲ್ಲಿ ಮಾತ್ರ ‘ಸವಿಸ್ತಾರ ಚರ್ಚೆಯ ನಂತರ ತೀರ್ಮಾನಿಸಲಾಯಿತು’ ಎಂದು ಬರೆಯುತ್ತೇನೆ. ತೀರ್ಮಾನ ಒಪ್ಪದವರು ನನ್ನ ಮೇಲೆ ಎಗರುವುದಿಲ್ಲ. ಅಮ್ಮನನ್ನೇ ನಾಲ್ಕು ಮಾತು ಬಯ್ದು, ಕುಂಕುಮ ಇಟ್ಟುಕೊಂಡು ಮನೆಗೆ ಹೋಗುತ್ತಾರೆ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಹೀಗೆ ಸುಖವಾಗಿದ್ದವಳನ್ನು ಮಂಡಳಿಯವರು ಹಳೇಬೀಡಿಗೆ ತರಬೇತಿಗೆ ಕಳಿಸಿದರು. ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಸಂಸ್ಥೆಗಳನ್ನು ಮುನ್ನಡೆಸುವುದು ಹೇಗೆ ಎಂದು ಮುಖ್ಯಸ್ಥರಿಗೆ ಕಲಿಸುತ್ತಾರಂತೆ. ಕೆರೆಯ ಕಡೆ ಮುಖಮಾಡಿದ ಹೋಟೆಲು, ತಣ್ಣಗಿನ ಸಭಾಂಗಣ, ಕುತ್ತಿಗೆಗೆ ಹೆಸರಿನ ಪಟ್ಟಿ. ಶಾಲೆ ನಡೆಸುವವರಿದ್ದರು, ಆಸ್ಪತ್ರೆ ನಡೆಸುವವರಿದ್ದರು. ಕೆಲಸ ಹೋಗುವ ಭಯ ಗುಮಾಸ್ತರಿಗೆ ಮಾತ್ರ ಎಂದುಕೊಂಡಿದ್ದೆ. ತಿಂಡಿಯ ಹೊತ್ತಿಗೆ ನೋಡಿದರೆ ದೊಡ್ಡ ದೊಡ್ಡ ಮುಖ್ಯಸ್ಥರೆಲ್ಲ ವಡೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದರು.

ಮೇಷ್ಟ್ರು ಬೆಂಗಳೂರಿನ ಕಡೆಯವರು, ವಯಸ್ಸಿನಲ್ಲಿ ನನ್ನ ತಂಗಿಯ ಮಗನಂತಿದ್ದರು. ನನ್ನ ಫೋನಿಗೆ ಎಐ ಹಾಕಿಕೊಟ್ಟು, “ನಿಮ್ಮನ್ನ ಕಾಡ್ತಿರೋ ಒಂದು ಪ್ರಶ್ನೆ ಇದನ್ನ ಕೇಳಿ ನೋಡಿ ಮೇಡಂ” ಎಂದರು. ಕಾಡುತ್ತಿದ್ದ ಪ್ರಶ್ನೆ ಒಂದೇ. ಗೆಂಡೆಹಳ್ಳಿಯಲ್ಲಿ ನಮ್ಮದೊಂದು ಕಾಯಿ ಖರೀದಿ ಕೇಂದ್ರವಿದೆ. ಬರುವ ಕಾಯಿ ಕಡಿಮೆ, ಖರ್ಚು ಜಾಸ್ತಿ. ಮುಚ್ಚಬೇಕೋ ಬೇಡವೋ? ಲೆಕ್ಕಾಚಾರ ಕೊಟ್ಟು ಕೇಳಿದೆ. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಉತ್ತರ ಬಂತು: ಮುಚ್ಚಿ, ಸದಸ್ಯರು ಹಳೇಬೀಡಿನ ಕೇಂದ್ರಕ್ಕೆ ಕಾಯಿ ತರಲಿ. ಅವರಿಗೆ ಹೇಳಬೇಕಾದ ಭಾಷಣವನ್ನೂ ಬರೆದುಕೊಟ್ಟಿತು. ಎಷ್ಟು ನಯ, ಎಷ್ಟು ಅನುಕಂಪ! ಓದಿ ನನ್ನ ಕಣ್ಣೇ ತುಂಬಿಬಂತು.

ಆಮೇಲೆ ಹೆದರಿಕೆಯಾಯಿತು. ಹೆದರಿಕೆಯಾದದ್ದು ಯಂತ್ರದ ಜಾಣತನಕ್ಕಲ್ಲ. ‘ಅಬ್ಬ, ಇನ್ನು ನಾನು ಹೇಳಬೇಕಾಗಿಲ್ಲ’ ಎಂದು ನನ್ನೊಳಗೆ ಯಾರೋ ಕಾಲು ಚಾಚಿ ಮಲಗಿದಂತಾಯಿತಲ್ಲ, ಅದಕ್ಕೆ.

ಮಧ್ಯಾಹ್ನ ಬಿಡುವಿನಲ್ಲಿ ದೇವಸ್ಥಾನದ ಸುತ್ತ ಒಂದು ಸುತ್ತು ಹಾಕಿದೆ. ನಮ್ಮ ಕಡೆಯ ಹೊಯ್ಸಳ ಶಿಲ್ಪಿಗಳು ವಿಗ್ರಹದ ಕೆಳಗೆ ತಮ್ಮ ಹೆಸರು ಕೆತ್ತುತ್ತಿದ್ದರೆಂಬುದು ನಿಮಗೆ ಗೊತ್ತಿರುತ್ತದೆ. ಅದನ್ನು ಕೀರ್ತಿಯ ಆಸೆ ಎನ್ನುವವರಿದ್ದಾರೆ. ನನ್ನಂಥ ಅಂಜುಬುರುಕಿಗೆ ಹಾಗೆ ಕಾಣಲಿಲ್ಲ. ಮೂಗು ಸೊಟ್ಟಗಾಗಿದ್ದರೆ ಯಾರನ್ನು ಕೇಳಬೇಕೆಂದು ವಿಳಾಸ ಕೊಟ್ಟು ಹೋಗಿದ್ದಾನೆ ಪುಣ್ಯಾತ್ಮ ಅನ್ನಿಸಿತು. ನನ್ನ ಕೈಚೀಲದಲ್ಲಿದ್ದ ಭಾಷಣದ ಕೆಳಗೆ ಯಾರ ಹೆಸರೂ ಇರಲಿಲ್ಲ.

ಮುಂದಿನ ವಾರ ಗೆಂಡೆಹಳ್ಳಿಯ ಕೇಂದ್ರದಲ್ಲಿ ಸಭೆ ಸೇರಿತು. ಭಾಷಣ ಓದಿದೆ. ಎಲ್ಲರೂ ತಲೆದೂಗಿದರು, ಗಂಗಮ್ಮ ಒಬ್ಬರನ್ನು ಬಿಟ್ಟು. ಗಂಗಮ್ಮನಿಗೆ ಮನೆ ಹಿತ್ತಲಿನ ಹಿಂದೆ ಒಂದಿಷ್ಟು ಮರಗಳಿವೆ. ಕೇಂದ್ರಕ್ಕೆ ತಳ್ಳುಗಾಡಿಯಲ್ಲಿ ತಾವೇ ಕಾಯಿ ತರುತ್ತಾರೆ.

“ಹಳೇಬೀಡಿಗೆ ತಳ್ಳುಗಾಡಿ ತಳ್ಕೊಂಡ್ ಹೋಗಕ್ಕಾಯ್ತದಾ? ಮನೆ ಬಾಗ್ಲಿಗೆ ಬರೋ ವ್ಯಾಪಾರಿ ಹೇಳಿದ್ ರೇಟಿಗೇ ಕೊಡ್ಬೇಕಾಯ್ತದೆ. ಯಾರ್ ಹೇಳಿದ್ದು ಇದ, ಮೇಡಮ್ಮೋರೆ?”

“ಎಐ ಹೇಳ್ತು” ಎಂದೆ.

“ಅದೆಲ್ಲೈತೆ? ನಾನೊಂದ್ಸಲ ಹೋಗಿ ಕೇಳ್ಬೇಕಲ್ಲ.”

ಫೋನ್ ತೆಗೆದು ಎದುರಿಗೆ ಹಿಡಿದೆ. ಗಂಗಮ್ಮ ಅದಕ್ಕೆ ಯಥೇಚ್ಛವಾಗಿ ಬಯ್ದರು. ‘ನಿಮಗಾದ ನೋವಿಗೆ ಕ್ಷಮೆ ಕೋರುತ್ತೇನೆ’ ಎಂದಿತು ಅದು.

“ಥೂ, ಇದನ್ನ ಬಯ್ದ್ರೂ ಸಮಾಧಾನ ಆಗಲ್ವಲ್ಲ!” ಎಂದು ಗಂಗಮ್ಮ ಮುಖ ತಿರುಗಿಸಿದರು.

ನಮ್ಮ ಅಧ್ಯಕ್ಷರು ಶಿವಣ್ಣನವರು ಎದ್ದು ನಿಂತು, “ಜಗಳ ಯಾಕೆ? ಮಿಷನ್ ಹೇಳಿದ್ದು ಸರಿಯಾ ಅಂತ ಅಮ್ಮನ್ನೇ ಕೇಳಾಣ ನಡೀರಿ” ಎಂದರು. ಇಂಥ ಸಲಹೆ ನಮ್ಮ ಕಂಪನಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಹುಟ್ಟಲಾರದು. ನಾನೇ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದೆ.

ಹೂ ಅಂಟಿಸಿದರು. ಕೈಮುಗಿದೆವು. ಹೂ ಬೀಳಲಿಲ್ಲ. ಕರ್ಪೂರ ಆರಿತು, ಮತ್ತೆ ಹಚ್ಚಿದರು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಒಬ್ಬೊಬ್ಬರಾಗಿ ಎಲ್ಲರೂ ದೇವರ ಕಡೆಯಿಂದ ನನ್ನ ಕಡೆ ತಿರುಗಿದರು. ಗುಡಿಯ ಕಂಬ ಹಿಡಿದುಕೊಂಡೆ.

“ಅಮ್ಮ ಬಾಯ್ ಬಿಡ್ತಿಲ್ಲ. ನೀವೇನಂತೀರಿ?” ಎಂದರು ಗಂಗಮ್ಮ.

“ಮುಚ್ಚೋದು ಬೇಡ” ಎಂದೆ. ಧ್ವನಿ ನನ್ನದೇ ಎಂದು ನನಗೆ ನಂಬಿಕೆ ಬರಲಿಲ್ಲ. “ಈ ವರ್ಷ ನಡೆಸೋಣ. ಇದು ನಾನು ಹೇಳ್ತಿರೋದು. ಹೆಚ್ಚುಕಮ್ಮಿಯಾದ್ರೆ ನನ್ನನ್ನ ಕೇಳಿ.”

ಹೇಳಿ ಮುಗಿಸಿದ್ದೇ ತಡ, ಬಲಗಡೆಯ ಹೂ ಉದುರಿತು. ಅಂದರೆ, ಯಂತ್ರ ಹೇಳಿದ್ದೇ ಸರಿ! ಇಷ್ಟು ದಿನ ದೇವರ ಹಿಂದೆ ಅಡಗಿದ್ದೆ. ಈಗ ದೇವರೂ ಯಂತ್ರವೂ ಒಂದು ಕಡೆ, ನಾನೊಬ್ಬಳು ಇನ್ನೊಂದು ಕಡೆ. ಶಿವಣ್ಣನವರು ಮೆಲ್ಲಗೆ, “ಈಗೇನ್ ಮಾಡಾಣ ಮೇಡಂ?” ಎಂದರು.

“ನನ್ನ ಮಾತೇನೂ ಬದಲಾಗಿಲ್ಲ” ಎಂದೆ.

ಗಂಗಮ್ಮ ಬಿದ್ದ ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಮುಡಿದರು. “ಅಮ್ಮ ಗುಡಿ ಬಿಟ್ಟು ಬರಲ್ಲ. ಆ ಮಿಷನ್ನು ಎಲ್ಲೈತೋ ಗೊತ್ತಿಲ್ಲ. ನೀವಾದ್ರೆ ಸೋಮ್ವಾರ ಸೋಮ್ವಾರ ಇಲ್ಗೇ ಬತ್ತೀರಲ್ಲ. ತಪ್ಪಾದ್ರೆ ನಾನ್ ಬಿಡಾಕಿಲ್ಲ ಕಣ್ರವ್ವ” ಎಂದರು, ನಗುತ್ತಲೇ.

ಲೆಕ್ಕ ಯಂತ್ರದ ಕಡೆಗಿದೆ, ಶಕುನವೂ ಅದರ ಕಡೆಗೇ ಇದೆ. ನಾಳೆ ಸೋಮವಾರ. ಗಂಗಮ್ಮನನ್ನು ನೆನೆದರೆ ಈಗಲೂ ಭಯವೇ. ಆದರೂ ಗೆಂಡೆಹಳ್ಳಿಗೆ ಬೆಳಗಿನ ಮೊದಲ ಬಸ್ಸಿಗೇ ಹೊರಡುತ್ತೇನೆ.