ಇವತ್ತು ಏನ್ ವಾರ, ಓಡೆಸ್ಸಾ?

ಫಿಲಡೆಲ್ಫಿಯಾದ ನಮ್ಮ ಬೀದಿಯ ಹೆವಿವೇಟ್ ಬಾಕ್ಸರ್ ಎಲ್‌ರಾಯ್ ಪಿಂಕ್ನಿ ಬಾಗಿಲಿನಿಂದ ಅಡ್ಡಕ್ಕೆ ತಿರುಗಿಯೇ ಹೊರಬರಬೇಕು. ಹವ್ಯಾಸಿಯಾಗಿದ್ದಾಗ ಅವನು ಊರಿನ ಪದಕಗಳನ್ನೆಲ್ಲ ಗೆದ್ದ. ಈಗ ಅವು ಅಡುಗೆಮನೆಯ ಪರದೆ ಹಾರದಂತೆ ತುದಿಗೆ ತೂಗುತ್ತಿವೆ. ವೃತ್ತಿಗೆ ಇಳಿದ ಮೇಲೆ, ಮೇಲೇರುತ್ತಿರುವ ಹುಡುಗರ ಕೈಯಲ್ಲಿ ಸೋಲಲೆಂದೇ ಅವನನ್ನು ಕರೆಸುತ್ತಾರೆ. ಅದನ್ನೂ ಶ್ರದ್ಧೆಯಿಂದ ಮಾಡುತ್ತಾನೆ. “ಬಿದ್ದೆ ಅನ್ಬೇಡಿ ಮೇಡಂ, ನೆಲ ಗಟ್ಟಿ ಇದ್ಯಾ ನೋಡ್ದೆ,” ಎಂದು ಪಕ್ಕದ ಮನೆಯ ನನಗೆ ಹೇಳುತ್ತಾನೆ. ಕಳೆದ ಪಂದ್ಯದ ನಂತರ ಚಮಚ ಹಿಡಿಯಲು ಅವನಿಗೆ ಎರಡೂ ಕೈ ಬೇಕು. “ಇನ್ನೊಂದು ಪೆಟ್ಟು ಬಿದ್ರೆ ನನ್ ಹೆಸರೂ ಮರೀತಾನೆ,” ಎನ್ನುತ್ತಾಳೆ ಹೆಂಡತಿ ಓಡೆಸ್ಸಾ. ಅವನ ವಯಸ್ಸಿನವರು ಬಾಕ್ಸಿಂಗ್ ಪರವಾನಗಿಗಾಗಿ ಪ್ರತಿವರ್ಷ ವೈದ್ಯರ ಮುಂದೆ ನಿಲ್ಲಬೇಕು. ನೆನಪು ಸರಿಯಿದೆಯೇ ನೋಡಲು ವೈದ್ಯರು ಮೊದಲು ಕೇಳುವುದು ವಾರ ಯಾವುದೆಂದು. ಆದ್ದರಿಂದ ಅವನು ದಿನವೂ ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ವಾರ ಒಪ್ಪಿಸುತ್ತಾನೆ. ಮರೆತರೆ ಓಡೆಸ್ಸಾ ಒಳಗಿನಿಂದ ಹೇಳಿಕೊಡುತ್ತಾಳೆ. ಆಕೆ ಸಿಟಿ ಬಸ್ಸಿನ ಚಾಲಕಿ, ಎಂದೂ ಹೊತ್ತು ತಪ್ಪಿದವಳಲ್ಲ. ಈ ಸಲದ ಪರೀಕ್ಷೆ ಬುಧವಾರ ಇತ್ತು. ಅಂದು ಬೆಳಿಗ್ಗೆ ಅವನು ಕೂಗಿದ, “ಓಡೆಸ್ಸಾ, ಇವತ್ತು ಏನ್ ವಾರ ಕಣೇ?” “ಮಂಗಳವಾರ ಕಣೋ ಮುದಿ ಕೋಣ, ಸರಿಯಾಗಿ ನೆನಪಿಟ್ಕೋ!” ಎಂದಳು, ಆದರೆ ಹೊರಗೆ ಮುಖ ತೋರಿಸಲಿಲ್ಲ. ಅವನು ಬಾಗಿಲ ಕಡೆ ತಿರುಗಿ ನೋಡಿ, “ಮಂಗಳವಾರ” ಎಂದು ಒಪ್ಪಿಸಿದ. ವೈದ್ಯರಿಗೂ ಅದನ್ನೇ ಹೇಳಿದ. ಪರವಾನಗಿ ಸಿಗಲಿಲ್ಲ. ನಮ್ಮ ಬೀದಿಗೆ ಕಸದ ಲಾರಿ ಬರುವುದು ಬುಧವಾರ ಮಾತ್ರ. ಪರೀಕ್ಷೆಯ ದಿನ ಬೆಳಿಗ್ಗೆ ಹೆಂಡತಿಯನ್ನು ವಾರ ಕೇಳುವ ಮುನ್ನವೇ, ತನ್ನ ಮನೆಯ ಕಸದ ಡಬ್ಬಿಯನ್ನೂ ನನ್ನ ಮನೆಯದನ್ನೂ ರಸ್ತೆಯಂಚಿಗೆ ತಂದಿಟ್ಟವನು ಅವನೇ.