ದೀಪ ಕೆಟ್ಟಿರಲಿಲ್ಲ

ಚರ್ಮರೋಗ ವಿಭಾಗದಲ್ಲಿ ಮೂವತ್ತೊಂದು ವರ್ಷ ರೋಗಿಗಳ ಚಿತ್ರ ತೆಗೆದು ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲರೂ ಫೋಟೋ ಅಣ್ಣ ಎಂದೇ ಕರೆಯುವ ಹಿರಿಯರನ್ನು ವೈದ್ಯರ ಸಾಲಿನಲ್ಲಿ ಕೂರಿಸುವ ಪದ್ಧತಿ ಇಲ್ಲ. ನಾನಂತೂ ಕೂರಿಸುತ್ತೇನೆ.

ನಾನು ಕಿರಿಯ ವೈದ್ಯೆಯಾಗಿ ಸೇರಿದಾಗ, ಕಿಟಕಿಯಿಲ್ಲದ ಅವರ ಕೋಣೆಯಲ್ಲಿ ಬೂದು ಪರದೆ, ಮರದ ಸ್ಟೂಲು, ಎರಡು ದೀಪ ಇದ್ದವು. ಕಲೆಗಳನ್ನು ಮುಚ್ಚಿಕೊಂಡು ಬಂದವರು ತಾವಾಗಿಯೇ ಅಂಗಿಯ ತೋಳು ಮಡಿಸುವವರೆಗೂ ಅವರು ಲೆನ್ಸ್ ಒರೆಸುತ್ತ ಕಾಯುತ್ತಿದ್ದರು. ವರ್ಷಕ್ಕೊಮ್ಮೆ ದೀಪಗಳ ಬಣ್ಣ ಸರಿಯಿದೆಯೇ ಎಂದು ನೋಡಲು ನನ್ನನ್ನೇ ಕೂರಿಸಿ ಒಂದು ಚಿತ್ರ ತೆಗೆದು ಹಳೆಯದರ ಜೊತೆ ಹೋಲಿಸುತ್ತಿದ್ದರು. ಬದಲಾಗದ ಮುಖ ಬೇಕು, ಅದಕ್ಕೆ ನೀವೇ ಸರಿ ಎಂದು ಕಾಲೆಳೆಯುತ್ತಿದ್ದರು.

ಒಂಬತ್ತನೆಯ ವರ್ಷ ಎಲ್ಲವೂ ನನಗೆ ಮಂಜಿನೊಳಗಿಂದ ಕಾಣತೊಡಗಿತು. ಕಾರಿಡಾರಿನಲ್ಲಿ ನಡೆದರೆ ನೆಲ ಮೆತ್ತಗಾದಂತೆ, ಕರೆದವರ ದನಿ ಎಲ್ಲಿಂದಲೋ ತೇಲಿ ಬಂದಂತೆ. ಔಷಧಿಯ ಪ್ರಮಾಣವೂ ಮರೆಯುತ್ತಿತ್ತು. ಒರಟಾದ ಕೈಗೆ ಮುಲಾಮು ಹಚ್ಚಿಕೊಂಡು, ಬೇಸಿಗೆಯಲ್ಲೂ ಸ್ವೆಟರ್ ತೊಟ್ಟು, ನನ್ನ ಬುದ್ಧಿಯೇ ಮಂಕಾಯಿತೆಂದು ನಂಬಿ ರಾಜೀನಾಮೆ ಬರೆದೆ. ಅದನ್ನು ಕೊಡಲು ಹೊರಟ ಮಧ್ಯಾಹ್ನ ಅಣ್ಣ ದಾರಿಯಲ್ಲೇ ತಡೆದು ಕೋಣೆಗೆ ಕರೆದೊಯ್ದರು. ಮೇಜಿನ ಮೇಲೆ ನನ್ನ ಒಂಬತ್ತು ಮುಖಗಳು ಸಾಲಾಗಿದ್ದವು.

"ಮೇಡಂ, ಹೋದ ವರ್ಷ ನಿಮ್ಮ ಮುಖ ಹಳದಿ ಬಂತು. ದೀಪ ಕೆಟ್ಟಿದೆ ಅಂದ್ಕೊಂಡು ಎರಡು ಸಲ ಬದಲಾಯಿಸ್ದೆ. ಈ ಸಲ ಹುಬ್ಬಿನ ತುದಿನೇ ಇಲ್ಲ. ಇದು ದೀಪದ ತಪ್ಪಲ್ಲ, ಅಲ್ವಾ?"

ಅಲ್ಲ. ಊದಿದ ರೆಪ್ಪೆ, ಉದುರಿದ ಹುಬ್ಬು, ಬಿಳಿಚಿದ ಹಳದಿ ಮೈಬಣ್ಣ. ಥೈರಾಯ್ಡ್ ಗ್ರಂಥಿ ಮಂದವಾದಾಗ ಚರ್ಮದಲ್ಲಿ ಕಾಣುವುದನ್ನೆಲ್ಲ ಪ್ರತಿ ವರ್ಷ ಪಾಠ ಮಾಡುತ್ತಿದ್ದವಳು ನಾನೇ; ನಾಚಿಕೆಯಿಂದ ಕುಗ್ಗಿಹೋದೆ. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ದಿನಾ ಬೆಳಿಗ್ಗೆ ಒಂದು ಮಾತ್ರೆ, ಇಂದಿಗೂ. ಕೆಲವು ತಿಂಗಳಲ್ಲಿ ಮಂಜು ಮೆಲ್ಲನೆ ಸರಿಯಿತು. ರಾಜೀನಾಮೆಯನ್ನು ಹರಿದು ಹಾಕಿದೆ.

ಕೃತಜ್ಞತೆ ಹೇಳಲು ಹೋದಾಗ ಅವರು ತಲೆ ತಗ್ಗಿಸಿದರು.

"ಹೋದ ವರ್ಷ ಎರಡನೇ ಸಲ ದೀಪ ಬದಲಾಯಿಸಿದಾಗ್ಲೇ ಅನುಮಾನ ಬಂದಿತ್ತು. ಡಾಕ್ಟರಿಗೆ ನಾನೇನು ಹೇಳೋದು ಅಂತ ಸುಮ್ನಿದ್ದೆ. ನಿಮ್ದೊಂದು ವರ್ಷ ಹಾಳಾಯ್ತು."

ಅವರು ಸುಮ್ಮನಿರುವಂತೆ ಮಾಡಿದವರು ನಾವು ವೈದ್ಯರೇ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ. ಅಂದಿನಿಂದ ನಮ್ಮ ವಿದ್ಯಾರ್ಥಿಗಳು ಮೊದಲು ಅವರಿಗೆ ಏನು ಕಂಡಿತೆಂದು ಕೇಳಿಯೇ ರೋಗಿಯ ಬಳಿ ಹೋಗುತ್ತಾರೆ.

ಅಣ್ಣ, ಆರೋಗ್ಯದಿಂದ ಬಹುಕಾಲ ಬಾಳಿ, ಆಗಾಗ ಬಂದು ನಮ್ಮ ಹೊಸಬರಿಗೆ ನೋಡುವುದನ್ನು ಕಲಿಸುತ್ತಿರಿ. ಇನ್ನು ಮೇಲೆ ಯಾರ ಮುಖದಲ್ಲಿ ಏನು ಕಂಡರೂ, ಎದುರಿಗಿರುವವರು ಎಷ್ಟೇ ದೊಡ್ಡ ಡಾಕ್ಟರಾಗಿರಲಿ, ಅಂದೇ ಹೇಳಿಬಿಡಿ.