ಸೊಲಾಂಜ್ ಮತ್ತು ವೋಸೆಲ್ ಅರಮನೆಯ ಮೇಜು

ವೋಸೆಲ್ ಅರಮನೆಯ ಕಾವಲಿನವಳಾದ ಸೊಲಾಂಜ್ ತಿಸ್ರಾಂಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದು ಹೊಗಳಿಕೆಯಲ್ಲ, ಅವಳ ಜೊತೆ ಕೆಲಸ ಮಾಡಿದವರನ್ನು ಕೇಳಿ ನೋಡಿ. "ರಾಣಿ ಮಲಗ್ತಿದ್ದದ್ದು ಈ ಮಂಚದ ಮೇಲೇನಾ?" ಎಂದು ಪ್ರವಾಸಿಗರು ಕಣ್ಣರಳಿಸಿದರೆ, "ಇಲ್ಲ, ಇದನ್ನ ಆಮೇಲೆ ಕೊಂಡು ತಂದಿದ್ದು" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಿದ್ದಳು. ಗೈಡುಗಳು ಹಲ್ಲು ಕಡಿಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವಳ ಸಂಸಾರವೆಂದರೆ ಆ ಅರಮನೆಯೇ: ಮೇಣ ಹಚ್ಚಿ ಉಜ್ಜುವ ಕುರ್ಚಿಗಳು, ತೆರೆದು ಮುಚ್ಚುವ ಕಿಟಕಿಗಳು, ಮಧ್ಯಾಹ್ನ ಹಿಂದಿನ ಮೆಟ್ಟಿಲ ಮೇಲೆ ಕೂತು ತಿನ್ನುವ ಬ್ರೆಡ್ಡು, ಚೀಸು.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಆ ಅರಮನೆಯ ಸಾಮಾನನ್ನೆಲ್ಲ ಅಂಗಳದಲ್ಲಿಟ್ಟು ಹರಾಜು ಹಾಕಿದ್ದರು. ಯಜಮಾನಿ ಡಚೆಸ್ ಕಾಗದ ಬರೆಯುತ್ತಿದ್ದ, ಆಗ ಮಾರಿಹೋದ ಬೀಟೆಮರದ ಮೇಜು ಈಗ ಪ್ಯಾರಿಸ್ಸಿನಲ್ಲಿ ಮತ್ತೆ ಹರಾಜಿಗೆ ಬಂದಿತ್ತು. ಸೊಲಾಂಜ್ ಆ ವಸಂತದಲ್ಲಿ ನಿವೃತ್ತಳಾಗುವವಳು. ಅಷ್ಟರೊಳಗೆ ಮೇಜು ಅರಮನೆಗೆ ಬರಬೇಕು, ಒಂದು ಸಲವಾದರೂ ತನ್ನ ಕೈಯಾರೆ ಅದಕ್ಕೆ ಮೇಣ ಹಚ್ಚಬೇಕು. ಅದೊಂದೇ ಆಸೆಗೆ ಬಿದ್ದು ನಿದ್ದೆಗೆಟ್ಟಿದ್ದಳು.

ಅರಮನೆ ಈಗ ಸರ್ಕಾರದ್ದು. ಆದರೆ ಹರಾಜಿನಲ್ಲಿ ಸರ್ಕಾರ ತಾನೇ ಕೂಗುವುದಿಲ್ಲ. ಬೇರೆಯವರು ಕೂಗಿ, ಸುತ್ತಿಗೆ ಬಿದ್ದೊಡನೆ, ಸರ್ಕಾರದವರು ಎದ್ದು ಒಂದು ಮಾತು ಹೇಳಿದರೆ ಸಾಕು, ಅದೇ ಬೆಲೆಗೆ ಸಾಮಾನು ಸರ್ಕಾರದ್ದು. ಮುಂದಿನ ಸಾಮಾನಿನ ಕೂಗು ಶುರುವಾದರೆ ಆ ಹಕ್ಕು ಮುಗಿಯಿತು. ಆ ಮಾತು ಹೇಳಬೇಕಾದವರು ಅರಮನೆಯನ್ನು ನೋಡಿಕೊಳ್ಳುವ ಇಲಾಖೆಯ ಒಬೆರ್. ಬೆಲೆ ಎಂಬತ್ತು ಸಾವಿರ ಯೂರೊ ದಾಟಿದರೆ ಅವರು ಏಳುವ ಹಾಗಿರಲಿಲ್ಲ. ಮೇಜು ಅಸಲಿಯೋ ನಕಲಿಯೋ ಎಂದು ಇಲಾಖೆಯೊಳಗೇ ಜಗ್ಗಾಟ ನಡೆದಿತ್ತು. ಹಲಗೆಯಡಿ ಕಾದ ಕಬ್ಬಿಣದಿಂದ ಒತ್ತಿದ್ದ ಅರಮನೆಯ ಕಿರೀಟದ ಮುದ್ರೆಯೊಂದನ್ನೇ ನಂಬಿ ಅವರು ಹೊರಟಿದ್ದರು.

"ನೀವು ಬರಲೇಬೇಡಿ ಮದಾಮ್," ಎಂದಿದ್ದರು ಒಬೆರ್. "ಬಂದ್ರೂ ನನ್ನ ಕಡೆ ತಿರುಗಿ ನೋಡ್ಬೇಡಿ. ಸರ್ಕಾರಕ್ಕೆ ಬೇಕು ಅಂತ ಗೊತ್ತಾದ್ರೆ ಬೆಲೆ ಏರಿಸಿಬಿಡ್ತಾರೆ."

ಬಾರದೆ ಇರುತ್ತಾಳೆಯೇ? ಒಳ್ಳೆಯ ಕೋಟು ತೊಟ್ಟು ಬೆಳಗಿನ ರೈಲಿಗೇ ಬಂದಳು. ಹರಾಜಿಗೆ ಮುಂಚೆ ಮೇಜಿನಡಿ ಬಗ್ಗಿ ಮುದ್ರೆ ನೋಡಿದಳು. ತನ್ನ ಕುರ್ಚಿಗಳಡಿ ಇದ್ದದ್ದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕಣ್ಣು ತುಂಬಿ ಬಂತು. ಆಮೇಲೆ ಒಬೆರ್ ಎಲ್ಲಿದ್ದಾರೆಂದು ಕತ್ತು ಕೂಡ ತಿರುಗಿಸದೆ ಸಿಕ್ಕ ಕುರ್ಚಿಯಲ್ಲಿ ಕೂತಳು.

ಪಕ್ಕಕ್ಕೆ ಬಂದು ಕೂತವನು ಫುರ್ನೆಲ್, ಅರಮನೆಗೆ ಬಂದುಹೋಗಿ ಅವಳನ್ನು ಬಲ್ಲ ಹಳೇ ಸಾಮಾನಿನ ವ್ಯಾಪಾರಿ. ಸ್ವಿಸ್ ಸಾಹುಕಾರರ ಪರವಾಗಿ ಕೈ ಎತ್ತಿದರೆ ಇಳಿಸುವ ಆಸಾಮಿಯಲ್ಲ.

"ಓಹೋ, ಅರಮನೇನೇ ಎದ್ದು ಬಂದಿದೆಯಲ್ಲ! ಮೇಜು ನೋಡೋಕಾ?"

"ಅಕ್ಕನ ಮನೆಗೆ ಬಂದಿದ್ದೆ. ಹಾಗೇ ಇಲ್ಲಿಗೂ ಬಂದೆ." ಅಷ್ಟು ಸುಳ್ಳಿಗೇ ಅವಳ ಕಿವಿ ಬಿಸಿಯಾಯಿತು.

"ಇರ್ಲಿ ಬಿಡಿ. ಆ ಮುದ್ರೆ ಅಸಲಿನಾ? ನೀವು ಹೂಂ ಅನ್ನಿ, ಎರಡು ಲಕ್ಷಕ್ಕೆ ಹೋದ್ರೂ ಬಿಡಲ್ಲ ನಾನು."

ಸೊಲಾಂಜ್ ಲೆಕ್ಕ ಹಾಕಿದಳು. ಹೂಂ ಎಂದರೆ ಮೇಜು ಕೈತಪ್ಪಿತು. ಸುಮ್ಮನಿದ್ದರೂ ಅಷ್ಟೇ, ಮುಖ ನೋಡಿ ತಿಳಿಯದಷ್ಟು ದಡ್ಡನಲ್ಲ ಈ ಮನುಷ್ಯ. ಅಷ್ಟರಲ್ಲಿ ಆಳುಗಳು ಮೇಜನ್ನು ವೇದಿಕೆಗೆ ಹೊತ್ತು ತಂದರು.

"ನಕಲಿ," ಅಂದಳು. ದನಿ ಅವಳೆಣಿಸಿದ್ದಕ್ಕಿಂತ ಜೋರಾಗಿ ಬಂತು. "ಬೆಳಿಗ್ಗೆ ಬಗ್ಗಿ ನೋಡ್ದೆ. ನಮ್ಮ ಕುರ್ಚಿಗಳಡಿ ಇರೋ ಕಿರೀಟಾನೇ ಬೇರೆ. ಇದನ್ನ ಯಾರೋ ಈಚೆಗೆ ಒತ್ತಿದ್ದಾರೆ. ದಿನಾ ಒರೆಸೋಳಿಗೆ ಗೊತ್ತಾಗಲ್ವಾ?"

"ಥತ್! ಬೇರೆ ಯಾರಾದ್ರೂ ಅಂದಿದ್ರೆ ನಂಬ್ತಿರ್ಲಿಲ್ಲ." ಫುರ್ನೆಲ್ ಕೈಕಟ್ಟಿ ಕೂತುಬಿಟ್ಟ.

ಮೂವತ್ತು ಸಾವಿರ. ಮೂವತ್ತೈದು. ಹರಾಜಿನವನು ಆಸೆಯಿಂದ ಫುರ್ನೆಲ್ ಕಡೆ ನೋಡಿದ. ಅವನು ಚಾವಣಿ ನೋಡಿದ. ನಲವತ್ತು. ಸೊಲಾಂಜ್ ಉಗುರನ್ನು ಅಂಗೈಗೆ ಒತ್ತಿ ಹಿಡಿದಿದ್ದಳು. ನಲವತ್ತೆಂಟಕ್ಕೆ ಯಾರೋ ಫೋನಿನಲ್ಲಿ ಕೂಗಿದರು. ಒಂದು ಸಲ, ಎರಡು ಸಲ. ಸುತ್ತಿಗೆ ಬಿತ್ತು.

ಗೆದ್ದೆ ಎಂದುಕೊಂಡಳು. ಈಗ ಏಳುತ್ತಾರೆ, ಈಗ. ಯಾರೂ ಏಳಲಿಲ್ಲ. ತಡೆಯಲಾರದೆ ಹಿಂತಿರುಗಿದಳು. ಒಬೆರ್ ಅವಳ ಬೆನ್ನ ಹಿಂದಿನ ಕುರ್ಚಿಯಲ್ಲೇ, ಕೈಗೆಟುಕುವಷ್ಟು ಹತ್ತಿರ ಕೂತು, ಕಾಗದಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವಳತ್ತ ಬಾಗಿ ಪಿಸುಗುಟ್ಟಿದರು.

"ಉಳಿಸಿಬಿಟ್ರಿ ಮದಾಮ್. ನೀವು ಹೇಳಿದ್ದು ಕಿವಿಗೆ ಬೀಳದೆ ಇದ್ದಿದ್ರೆ ಎದ್ದು ನಿಂತುಬಿಡ್ತಿದ್ದೆ."

"ಏಳಿ!" ಸೊಲಾಂಜ್ ಅವರ ತೋಳು ಹಿಡಿದೆಳೆದಳು. "ಏಳಿ, ಅಸಲಿ ಅದು! ನಾನು ಸುಳ್ಳು ಹೇಳಿದ್ದು!"

ಒಬೆರ್ ಕನಿಕರದಿಂದ ಅವಳ ಕೈ ತಟ್ಟಿದರು. "ನಿಮಗೆ ಅದರ ಮೇಲೆ ಎಷ್ಟು ಆಸೆ ಇತ್ತು ಅಂತ ಗೊತ್ತು ಮದಾಮ್. ಆದ್ರೂ ಇದ್ದದ್ದನ್ನ ಇದ್ದ ಹಾಗೇ ಹೇಳಿದ್ರಿ. ಈಗ ಸಂಕಟ ಆಗುತ್ತೆ."

ಅವಳು ಬಾಯಿ ತೆರೆಯುವಷ್ಟರಲ್ಲಿ ಹರಾಜಿನವನು ಮುಂದಿನ ಸಾಮಾನಾದ ಜೋಡಿ ದೀಪದ ಕಂಬಗಳಿಗೆ ಬೆಲೆ ಕೂಗಿದ.